ಕಲ್ಲಲ್ಲಿ ಆನೆ ಹುಡುಕಬೇಡ

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆನಪ್ಪಾ. ಒಂದರಲ್ಲಿ ಆನೆಯ ಸೊಂಡಿಲು, ಇನ್ನೊಂದರಲ್ಲಿ ಗಣಪತಿ, ಮತ್ತೊಂದರಲ್ಲಿ ಗಡ್ಡದ ಮುದುಕ. ಕಲ್ಲಿನ ಗೆರೆಗಳಲ್ಲಿ ಮುಖ ಕಂಡರೆ ಎಲ್ಲರೂ ‘ಅರೆ, ಹೌದಲ್ಲ!’ ಅನ್ನುತ್ತಾರೆ, ಬೆರಳಾಡಿಸಿ ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಬಿಡಿಸಿದ ಒಗಟನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಕಲ್ಲು ಕಲ್ಲಾಗಿಯೇ ಇದ್ದು ಕಣ್ಣನ್ನು ಹಿಡಿದು ನಿಲ್ಲಿಸಬೇಕು. ಅದಕ್ಕೆ ಮೊದಲು ಆ ಗೆರೆ ಅಲ್ಲಿಗೆ ಹೇಗೆ ಬಂತೆಂದು ನಿನಗೆ ಗೊತ್ತಿರಬೇಕು.

ದೂರ ಹೋಗುವುದು ಬೇಡ. ಲಾಲ್‌ಬಾಗಿನ ಬಂಡೆಯಿಂದ ಶುರುಮಾಡು. ಕೆಂಪೇಗೌಡರ ಗೋಪುರದ ಮುಂದೆ ಸೆಲ್ಫಿಗೆ ನಿಲ್ಲುವವರ ಕಾಲ ಕೆಳಗಿರುವುದು ಸುಮಾರು 300 ಕೋಟಿ ವರ್ಷದ ಕಲ್ಲು. ಮೈಸೂರು ಸಂಸ್ಥಾನದ ಭೂವಿಜ್ಞಾನಿಯಾಗಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಜಾತಿಯ ಶಿಲೆಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟರು. ಕುಕ್ಕರಗಾಲಲ್ಲಿ ಕೂತು ನೋಡು. ಬಿಳಿ ಪಟ್ಟೆ ಬೆಣಚುಕಲ್ಲು, ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಯಲ್ಲಿ ಮಿಣಮಿಣ ಅನ್ನುವುದು ಕಾಗೆಬಂಗಾರ. ಭೂಮಿಯ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮೆತ್ತಗಾಗಿದ್ದ ಕಾಲದಲ್ಲಿ ಇವು ಬೇರೆಬೇರೆ ಸಾಲು ಕಟ್ಟಿದವು, ಮಡಿಚಿಕೊಂಡವು. ಆ ಸಾಲುಗಳನ್ನೆಲ್ಲ ಅಡ್ಡಕ್ಕೆ ಸೀಳಿಕೊಂಡು ಹೋದ ದಪ್ಪ ಹರಳಿನ ಎಳೆ ಕಂಡರೆ, ಅದು ಆಮೇಲೆ ನುಗ್ಗಿದ್ದು. ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿದವನಿಗೆ ಚೌಕಟ್ಟು ಎಲ್ಲಿ ಮುಗಿಯಬೇಕೆಂಬ ಗೊಂದಲ ಅರ್ಧ ಕಡಿಮೆ. ಮಡಿಕೆ ತಿರುಗುವ ಜಾಗವನ್ನು ಹೊರಗೆ ಬಿಟ್ಟೆಯೋ, ಬರೀ ಪಟ್ಟೆ ಉಳಿಯಿತು.

ಇಳಿಬಿಸಿಲು ಬೇಕೇ ಬೇಕು ಅನ್ನುವವರ ಮಾತನ್ನು ಇಲ್ಲಿ ಕಿವಿಗೆ ಹಾಕಿಕೊಳ್ಳಬೇಡ. ಉಬ್ಬುತಗ್ಗು ತೋರಿಸಲು ಅದು ಸರಿ. ಈ ಬಂಡೆ ಸವೆದು ನುಣುಪಾಗಿದೆ, ಆಟವೆಲ್ಲ ಬಣ್ಣದ್ದು. ಮಳೆ ಆಗಷ್ಟೇ ನಿಂತ, ಮೋಡ ಕವಿದ ಬೆಳಗ್ಗೆ ಹೋಗು. ಒದ್ದೆಯಲ್ಲಿ ಕಪ್ಪು ಇನ್ನೂ ಕಪ್ಪಾಗುತ್ತದೆ. ಓರೆಯಿಂದ ತೆಗೆಯುವಾಗ ಒದ್ದೆ ಕಲ್ಲಿನ ಮೇಲೆ ಆಕಾಶ ಹೊಳೆದರೆ ಪೋಲರೈಸರ್ ತಿರುಗಿಸು. ನೇರ ಮೇಲಿನಿಂದ ತೆಗೆಯುವಾಗ ಕ್ಯಾಮೆರಾ ಕಲ್ಲಿಗೆ ಸಮಾನಾಂತರ ಇರಲಿ, ಅಪರ್ಚರ್ ಎಫ್/8 ಅಥವಾ ಎಫ್/11 ಸಾಕು.

ಪ್ರತಿ ಜಾಗದಲ್ಲೂ ಎರಡು ಚಿತ್ರ ತೆಗೆ. ಭೂವಿಜ್ಞಾನಿಗಳು ಮಾಡುವಂತೆ ಒಂದು ರೂಪಾಯಿ ನಾಣ್ಯ ಇಟ್ಟು ಒಂದು, ಅದು ನಿನ್ನ ಲೆಕ್ಕಕ್ಕೆ. ನಾಣ್ಯ ತೆಗೆದು ಇನ್ನೊಂದು, ಅದು ನೋಡುವವರಿಗೆ. ಅಂಗೈಯಗಲದ ಕಲ್ಲೋ ವಿಮಾನದಿಂದ ಕಂಡ ನದಿಯೋ ಎಂದು ಅವರು ಒದ್ದಾಡಲಿ. ಆದರೆ ಅಡಿಬರಹದಲ್ಲಿ ಮಾತ್ರ ‘ಅನಂತದ ಅಲೆ’ ಅಂತೆಲ್ಲ ಬರೆಯಬೇಡ ಮಾರಾಯ. ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್ ಕಡಲತೀರದಲ್ಲಿ ತೆಗೆದ ಚಿತ್ರಗಳಿಗೆ ಇಟ್ಟದ್ದು ‘ಸವೆದ ಬಂಡೆ’ ಎಂಬಂಥ ಸಪ್ಪೆ ಹೆಸರು. ಕಲ್ಲೆಂದು ಹೇಳಿಯೂ ಕಲ್ಲಿಗಿಂತ ಹೆಚ್ಚು ತೋರಿಸಿದವನು ಅವನು.

ಲಾಲ್‌ಬಾಗಿನಲ್ಲಿ ಕೈ ಪಳಗಿದ ಮೇಲೆ ಬಾದಾಮಿಗೆ ಹೋಗು. ಅಲ್ಲಿನದು ಬೇರೆ ಕಥೆ. ನೀರು ತಂದು ಹಾಸಿದ ಮರಳು ಗಟ್ಟಿಯಾಗಿ ಆದ ಕಲ್ಲು, ಕೆಂಪೆಲ್ಲ ಕಬ್ಬಿಣದ್ದು. ಒಂದು ಪದರ ಓರೆಯಾಗಿ ಬಂದು ಇನ್ನೊಂದಕ್ಕೆ ತಾಗಿ ನಿಂತ ಕಡೆ, ಹರಿವು ಬದಲಾದದ್ದೇ ಕಣ್ಣಿಗೆ ಕಾಣುತ್ತದೆ. ಕ್ರಿ.ಶ. 578ರ ಶಾಸನವಿರುವ ಮೂರನೇ ಗುಹೆಯಲ್ಲಿ ಕಲ್ಲಿನ ಬಣ್ಣದ ಪಟ್ಟೆಗಳು ಶಿಲ್ಪಿಯ ಕೆತ್ತನೆಗೆ ಸೊಪ್ಪುಹಾಕದೆ ತಮ್ಮ ಪಾಡಿಗೆ ಹರಿದಿವೆ. ವಿಷ್ಣುವನ್ನು ಎಲ್ಲರೂ ತೆಗೆಯುತ್ತಾರೆ, ನೀನು ಪಟ್ಟೆ ನೋಡು. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡ. ಅಷ್ಟು ಕೆಂಪು ಇರಲಾರದೆಂದು ಕ್ಯಾಮೆರಾ ತಾನೇ ಅದನ್ನು ತೊಳೆದುಬಿಡುತ್ತದೆ. ಹಗಲುಬೆಳಕಿನ ಸೆಟ್ಟಿಂಗ್ ಹಾಕು. ಬಣ್ಣ ಏಳಲಿ ಎಂದು ಕಲ್ಲಿಗೆ ನೀರು ಚಿಮುಕಿಸುವ ಚಾಳಿ ಕೆಲವರಿಗಿದೆ. ಸಂರಕ್ಷಿತ ಸ್ಮಾರಕದಲ್ಲಿ ಆ ಕೆಲಸಕ್ಕೆ ಕೈಹಾಕಿದೆ ಎಂದು ಗೊತ್ತಾದರೆ ನನ್ನ ಹತ್ತಿರ ಚಿತ್ರ ತರಬೇಡ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಮೊದಲೇ ಕೇಳಿಕೋ. ಲೆನ್ಸಿನ ಮುಚ್ಚಳವನ್ನು ಜೇಬಲ್ಲೇ ಇಟ್ಟುಕೋ; ಅಲ್ಲಿಯ ಮಂಗಗಳು ತಿನ್ನುವುದೋ ಅಲ್ಲವೋ ಎಂದು ಕಿತ್ತುಕೊಂಡ ಮೇಲೆಯೇ ಪರೀಕ್ಷಿಸುವುದು.