ಮಂಗಳೂರು ಹಂಚು



ಮುಳಿಹುಲ್ಲಿನ ಮನೆಯಲ್ಲಿ ವಾಸಿಸುವವರಿಗೆ ಎರಡು ಭಯಗಳುಂಟು. ಬೇಸಿಗೆಯಲ್ಲಿ ಒಲೆಯಿಂದ ಹಾರಿದ ಒಂದು ಕಿಡಿಯು ಇಡೀ ಕೇರಿಯನ್ನು ಸುಟ್ಟುಬಿಡಬಹುದು. ಮಳೆಗಾಲದಲ್ಲಿ ಕೊಳೆತ ಹುಲ್ಲು ಸೋರಬಹುದು. ಕುಂಬಾರನು ತಿಗುರಿಯಲ್ಲಿ ಮಾಡಿದ ನಾಡಹಂಚು ಬೆಂಕಿಗೆ ಅಂಜದು. ಆದರೆ ಅದನ್ನು ಒಂದರ ಮೇಲೊಂದು ಸುಮ್ಮನೆ ಇಡುವದರಿಂದ ಮಂಗವೋ ಬೆಕ್ಕೋ ಓಡಾಡಿದರೆ ಸರಿದುಹೋಗುವದು. ಈ ಕಷ್ಟಗಳನ್ನು ನೀಗಿಸಿದ ಮಂಗಳೂರು ಹಂಚಿನ ಸಂಗತಿಯನ್ನು ಈ ಸಾರಿ ವಿಚಾರಿಸೋಣ.

ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚನ್ನು ಫ್ರಾನ್ಸ್ ದೇಶದ ಅಲ್ಸಾಸ್ ಸೀಮೆಯಲ್ಲಿ ಗಿಲಾರ್ದೋನಿ ಎಂಬ ಸಹೋದರರು ಕಂಡುಹಿಡಿದು, 1841ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದರು. ಆ ಕಾಲದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರಿಗೆ ಒಂದು ಚಿಂತೆಯಿತ್ತು. ಸಭೆಗೆ ಸೇರಿದವರಲ್ಲಿ ಅನೇಕರು ಮನೆಯನ್ನೂ ಕುಲಕಸುಬನ್ನೂ ಕಳಕೊಂಡಿದ್ದರು. ಅವರು ದಾನದಿಂದಲ್ಲ, ದುಡಿಮೆಯಿಂದ ಬಾಳಬೇಕಾಗಿತ್ತು. ಯಂತ್ರವಿದ್ಯೆಯನ್ನು ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಊರ ಸುತ್ತಲಿನ ಜೇಡಿಮಣ್ಣನ್ನು ಪರೀಕ್ಷಿಸಿ, ಅದು ಹಂಚಿಗೆ ತಕ್ಕದ್ದೆಂದು ಕಂಡು, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದರು. ನೇತ್ರಾವತಿ ನದಿಯು ಹತ್ತಿರವಿದ್ದದರಿಂದ ಮಣ್ಣನ್ನೂ ಕಟ್ಟಿಗೆಯನ್ನೂ ದೋಣಿಗಳಲ್ಲಿ ತರುವದು ಸುಲಭವಾಯಿತು.

ಹಂಚನ್ನು ಮಾಡುವ ಕ್ರಮವೇನಂದರೆ, ಮೊದಲು ಮಣ್ಣನ್ನು ಕಲ್ಲುಬೇರುಗಳಿಲ್ಲದಂತೆ ಹಸನುಮಾಡಿ, ನೀರು ಬೆರಸಿ ಚೆನ್ನಾಗಿ ನಾದುವರು. ಬಳಿಕ ಅಚ್ಚಿನಲ್ಲಿಟ್ಟು ಒತ್ತಿ, ಬಂದ ಹಸಿ ಹಂಚನ್ನು ನೆರಳಿನಲ್ಲಿ ಒಣಗಿಸುವರು. ಇಲ್ಲಿ ಆತುರ ಸಲ್ಲದು. ಯಾಕಂದರೆ ಒಳಗೆ ತೇವವುಳಿದ ಹಂಚನ್ನು ಆವಿಗೆಗೆ ಹಾಕಿದರೆ ಆ ನೀರು ಹಬೆಯಾಗಿ ಹಂಚನ್ನು ಸೀಳಿಬಿಡುವದು. ಕಡೆಗೆ ಉರಿಯನ್ನು ಮೆಲ್ಲಗೆ ಏರಿಸಿ ಸುಡುವರು. ಮಣ್ಣಿನಲ್ಲಿರುವ ಕಬ್ಬಿಣದ ಅಂಶವೇ ಹಂಚಿನ ಕೆಂಪು ಬಣ್ಣಕ್ಕೆ ಕಾರಣ.

ಹಂಚಿನ ಅಂಚುಗಳಲ್ಲಿ ತೋಡುಗಳೂ ಏಣುಗಳೂ ಉಂಟು. ಒಂದರ ಏಣು ನೆರೆಯ ಹಂಚಿನ ತೋಡಿನಲ್ಲಿ ಕೂತುಕೊಳ್ಳುವದರಿಂದ ಮಳೆನೀರು ಒಳಗೆ ಇಳಿಯದೆ ಹರಿದುಹೋಗುವದು. ಅಡಿಯ ಮೂಗು ರೀಪಿಗೆ ತಗಲಿ ಜಾರದಂತೆ ಹಿಡಿಯುವದು. ನೂರು ಚದರ ಅಡಿ ಮಾಡಿಗೆ ಸುಮಾರು 150 ಹಂಚುಗಳು ಬೇಕು.

ಕೊಂಡುಕೊಳ್ಳುವವರು ಒಂದು ಮಾತನ್ನು ನೆನಪಿಡಲಿ. ಹಂಚನ್ನು ಬೆರಳಗಂಟಿನಿಂದ ತಟ್ಟಿರಿ. ಗಂಟೆಯಂತೆ ನಾದ ಕೊಟ್ಟರೆ ಅದು ಚೆನ್ನಾಗಿ ಬೆಂದಿದೆ. ಮಂಕಾದ ಸದ್ದು ಬಂದರೆ ಬಿರುಕೋ ಅರೆಬೇಯುವಿಕೆಯೋ ಉಂಟೆಂದು ತಿಳಿಯಿರಿ. ಅರೆಬೆಂದ ಹಂಚು ನೀರು ಕುಡಿದು ಭಾರವಾಗಿ, ಮಾಡಿನ ಮರಕ್ಕೂ ಕೇಡು ಮಾಡುವದು.

ಬಳಿಕ ಬೇರೆಯವರೂ ಇಂಥ ಕಾರ್ಖಾನೆಗಳನ್ನು ಕಟ್ಟಿದರು. ಹಂಚು ಹಡಗುಗಳಲ್ಲಿ ದೂರದೇಶಗಳಿಗೆ ಹೋಯಿತು. ಈಗ ಕಾಂಕ್ರೀಟು ಮಾಡು ಹೆಚ್ಚಾಗಿ, ಅನೇಕ ಕಾರ್ಖಾನೆಗಳು ಮುಚ್ಚಿಹೋಗಿವೆ. ಆದರೂ ಹಳೇ ಮನೆಯನ್ನು ಕೆಡವುವವರೇ, ಹಂಚನ್ನು ಎಸೆಯಬೇಡಿರಿ. ಬಿರುಕಿಲ್ಲದ ಹಂಚನ್ನು ತೊಳೆದು ಮತ್ತೊಂದು ಮಾಡಿಗೆ ಹೊದಿಸಬಹುದು. ನಮ್ಮ ಹಿರಿಯರು ಕೈಕೆಸರುಮಾಡಿ ಗಳಿಸಿದ ಅನ್ನದ ಗುರುತು ಅದರಲ್ಲಿ ಉಂಟೆಂದು ಮಕ್ಕಳಿಗೂ ತಿಳಿಸೋಣ.