ಹುಲಿ-ಕುರಿ ಆಟದಲ್ಲಿ ಹುಲಿಯ ಬಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ಈ ನಾಲ್ಕು ತಾಲ್ಲೂಕುಗಳು ಸೇರಿ ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿವೆ. ಮಳೆ ಕಡಮೆ, ಬಂಡೆ ಹೆಚ್ಚು. ಹೊಲ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ಕಾಯುವುದು ಕುರಿಮಂದೆಯೇ. ಸಂಜೆ ಕುರಿಗಳನ್ನು ರೊಪ್ಪದೊಳಗೆ ಕೂಡಿ, ಬಾಗಿಲಿಗೆ ಮುಳ್ಳುಕಂಟೆ ಎಳೆದು ಮಲಗುವವನಿಗೆ ಗುಡ್ಡದ ಚಿರತೆಯ ಚಿಂತೆ ತಪ್ಪಿದ್ದಲ್ಲ. ಹಾಸುಬಂಡೆಯ ಮೇಲೆ ಇದ್ದಿಲಿನಿಂದ ಗೆರೆಯೆಳೆದು, ಹುಣಿಸೆಯ ಬೀಜಗಳನ್ನು ಕುರಿಗಳೆಂದೂ ಕಲ್ಲಿನ ಹರಳುಗಳನ್ನು ಹುಲಿಗಳೆಂದೂ ಇಟ್ಟು ಆಡುವ ಹುಲಿ-ಕುರಿ ಆಟದ ಅರ್ಥವನ್ನು ಇಂತಹ ಸೀಮೆಯ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡನಾಡಿನ ಬೇರೆ ಕಡೆಗಳಲ್ಲಿ ಇದನ್ನು ಆಡು-ಹುಲಿ ಎನ್ನುವುದೂ ಉಂಟು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದಿರುವ ಪಾವಗಡದಲ್ಲಿ ತೆಲುಗೂ ಮನೆಮಾತು. ತೆಲುಗಿನಲ್ಲಿ ಇದರ ಹೆಸರು ಪುಲಿ-ಮೇಕ.

ಈಗ ಮೊಬೈಲಿನ ಪರದೆಯ ಮೇಲೆ ವಿಚಿತ್ರ ಪ್ರಾಣಿಗಳನ್ನು ಕಾಳಗಕ್ಕೆ ಬಿಡುವ ಆಟಗಳು ಬಂದಿವೆ. ೧೯೯೬ರಲ್ಲಿ ಜಪಾನಿನಲ್ಲಿ ಮೊದಲು ಹೊರಬಂದ ಪೋಕೆಮಾನ್ ಇವುಗಳಲ್ಲಿ ಪ್ರಸಿದ್ಧವಾದುದು. ಅದನ್ನಾಡುವವರು ಸದಾ ಚರ್ಚಿಸುವ ವಿಷಯವೊಂದೇ: ಇಂಥ ಪ್ರಾಣಿಯನ್ನು ಎಲ್ಲಿ, ಹೇಗೆ ಬಳಸಿದರೆ ಗೆಲವು? ಅದೇ ಪ್ರಶ್ನೆಯನ್ನು ನಾವು ಬಂಡೆಯ ಮೇಲಿನ ಹುಲಿಯನ್ನು ಕುರಿತು ಕೇಳೋಣ. ಹುಲಿಯ ಬಲ ಅದರ ಬಾಯಲ್ಲಿದೆ, ಹೆಚ್ಚು ಕುರಿ ತಿಂದದ್ದೇ ಹೆಚ್ಚು ಬಲವುಳ್ಳದ್ದು ಎಂದು ಹೊಸಬರು ನಂಬುವರು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಎಣಿಸಿ ನೋಡಬಹುದು. ಎಣಿಸುವುದಕ್ಕೆ ಕೂಡುವ ಲೆಕ್ಕಕ್ಕಿಂತ ಹೆಚ್ಚಿನ ಗಣಿತ ಬೇಕಿಲ್ಲ.

ಮೊದಲು ಮನೆಯನ್ನು ಬರೆದುಕೊಳ್ಳೋಣ. ವಾಚಕರು ಕಾಗದ, ಸೀಸದಕಡ್ಡಿಗಳನ್ನು ಹಿಡಿದು ಕುಳಿತರೆ ಮುಂದಿನದು ಸುಲಭವಾಗುವುದು. ಮೇಲೆ ಒಂದು ಚುಕ್ಕೆ; ಅದನ್ನು ಶಿಖರವೆನ್ನೋಣ. ಅಲ್ಲಿಂದ ಕೆಳಕ್ಕೆ ಬೀಸಣಿಗೆಯ ಕಡ್ಡಿಗಳಂತೆ ನಾಲ್ಕು ಓರೆಗೆರೆಗಳು: ಎಡದಿಂದ ಬಲಕ್ಕೆ ಕ, ಖ, ಗ, ಘ. ಇವನ್ನು ಕತ್ತರಿಸಿಕೊಂಡು ಹೋಗುವ ಮೂರು ಅಡ್ಡಗೆರೆಗಳು. ಇವು ಓರೆಗೆರೆಗಳನ್ನು ದಾಟಿ ಎರಡು ಪಕ್ಕಗಳಿಗೂ ಚಾಚಿರುತ್ತವೆ. ಚಾಚಿದ ತುದಿಗಳನ್ನು ಎಡದಲ್ಲೊಂದು, ಬಲದಲ್ಲೊಂದು ನೆಟ್ಟಗೆರೆ ಸೇರಿಸುತ್ತದೆ. ನಾಲ್ಕು ಓರೆಗೆರೆಗಳ ಬುಡಗಳನ್ನು ಒಂದು ತಳಗೆರೆ ಕೂಡಿಸುತ್ತದೆ. ಅಡ್ಡಗೆರೆಗಳಿಗೆ ಮೇಲಿನಿಂದ ೧, ೨, ೩ ಎಂದೂ ತಳಗೆರೆಗೆ ೪ ಎಂದೂ ಅಂಕೆ ಕೊಡೋಣ. ಆಗ ಖ೨ ಎಂದರೆ ಎರಡನೆಯ ಓರೆಗೆರೆಯನ್ನು ಎರಡನೆಯ ಅಡ್ಡಗೆರೆ ಕೂಡುವ ಸ್ಥಾನ. ಎಡದ ತುದಿಗಳು ಎ೧, ಎ೨, ಎ೩. ಬಲದ ತುದಿಗಳು ಬ೧, ಬ೨, ಬ೩. ಶಿಖರ ಒಂದು, ಮೂರು ಅಡ್ಡಗೆರೆಗಳಲ್ಲಿ ಆರಾರು, ತಳದಲ್ಲಿ ನಾಲ್ಕು. ಒಟ್ಟು ೨೩ ಸ್ಥಾನಗಳು.

ಹುಲಿ ಮೂರು, ಕುರಿ ಹದಿನೈದು. ಹುಲಿಗಳ ಸಂಖ್ಯೆ, ಮನೆಯ ಆಕಾರ ಊರಿಂದೂರಿಗೆ ಬದಲಾಗುವುದುಂಟು. ನಾವು ಇಲ್ಲಿ ಈ ಒಂದು ರೂಪವನ್ನೇ ಹಿಡಿದಿದ್ದೇವೆ. ಕುರಿಯವನು ಸರದಿಗೊಂದರಂತೆ ಕುರಿಗಳನ್ನು ಇಡುತ್ತಾನೆ. ಹದಿನೈದನ್ನೂ ಇಟ್ಟು ಮುಗಿಯುವವರೆಗೆ ಯಾವ ಕುರಿಯನ್ನೂ ನಡೆಸುವಂತಿಲ್ಲ. ಆಮೇಲೆ ಒಂದೊಂದು ಹೆಜ್ಜೆ ನಡೆಸಬಹುದು. ಹುಲಿಗಾದರೋ ಮೊದಲಿನಿಂದಲೂ ನಡಿಗೆಯುಂಟು. ಪಕ್ಕದಲ್ಲಿ ಕುರಿಯಿದ್ದು, ಅದರಾಚೆ ಅದೇ ಗೆರೆಯ ನೇರದಲ್ಲಿ ಮುಂದಿನ ಸ್ಥಾನ ಬರಿದಾಗಿದ್ದರೆ, ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುವುದು. ಹುಲಿಯ ಮೇಲೆ ಹುಲಿ ಹಾರುವಂತಿಲ್ಲ. ಮೂರು ಹುಲಿಗಳೂ ಅಲುಗದಂತಾದರೆ ಕುರಿಯವನು ಗೆದ್ದ.

ಈಗ ಎಣಿಕೆ. ಒಂದು ಹುಲಿಯನ್ನು ಕಟ್ಟಬೇಕಾದರೆ ಅದರ ಪಕ್ಕದ ಸ್ಥಾನಗಳೆಲ್ಲ ತುಂಬಿರಬೇಕು. ಅದು ಹಾರಿ ಇಳಿಯಬಹುದಾದ ಆಚೆಯ ಸ್ಥಾನಗಳೂ ತುಂಬಿರಬೇಕು. ಇದಕ್ಕೆ ಬೇಕಾಗುವ ಕುರಿಗಳ ಸಂಖ್ಯೆಯನ್ನು ಆ ಸ್ಥಾನದ 'ಕಟ್ಟಿನ ಬೆಲೆ' ಎಂದು ಕರೆಯೋಣ. ಹುಲಿ ಎ೧ರ ಮೂಲೆಯಲ್ಲಿದೆಯೆನ್ನಿ. ಬಲಕ್ಕೆ ಕ೧, ಅದರಾಚೆ ಖ೧. ಕೆಳಕ್ಕೆ ಎ೨, ಅದರಾಚೆ ಎ೩. ನಾಲ್ಕು ಕುರಿಗಳಿಗೆ ಹುಲಿ ಸೆರೆ. ತಳದ ಮೂಲೆ ಕ೪ಕ್ಕೂ ಬೆಲೆ ನಾಲ್ಕೇ. ಅದರ ಪಕ್ಕದ ಖ೪ಕ್ಕೆ ಐದು, ಕ೧ಕ್ಕೆ ಆರು, ಖ೧ಕ್ಕೆ ಏಳು. ಎಲ್ಲಕ್ಕಿಂತ ದುಬಾರಿಯಾದವು ಮೂರೇ ಸ್ಥಾನಗಳು: ಶಿಖರ, ಖ೨, ಗ೨. ಇಲ್ಲಿ ನಾಲ್ಕು ದಿಕ್ಕಿಗೂ ದಾರಿಯಿದ್ದು ಪ್ರತಿಯೊಂದು ದಾರಿಗೂ ಎರಡು ಕುರಿ ಬೇಕಾಗುವುದರಿಂದ ಬೆಲೆ ಎಂಟು.

ಹಾಗಾದರೆ ಮೂರು ಹುಲಿಗಳನ್ನೂ ಈ ಮೂರು ದುಬಾರಿ ಸ್ಥಾನಗಳಲ್ಲಿ ನಿಲ್ಲಿಸಿಬಿಟ್ಟರೆ? ಎಂಟು ಮೂರಲೆ ಇಪ್ಪತ್ತನಾಲ್ಕು. ಇರುವ ಕುರಿಗಳು ಹದಿನೈದು. ಹುಲಿಗೆ ಸೋಲೇ ಇಲ್ಲವೆಂದು ತೋರುವುದು. ನಾವೂ ಮೊದಲು ಹಾಗೆಯೇ ಭಾವಿಸಿದ್ದೆವು. ಆದರೆ ಕಾಗದದ ಮೇಲೆ ಬೀಜಗಳನ್ನಿಟ್ಟು ನೋಡಿ. ಕ೧, ಖ೧, ಗ೧, ಘ೧, ಕ೨, ಘ೨, ಎ೨, ಬ೨, ಖ೩, ಗ೩, ಖ೪, ಗ೪. ಹನ್ನೆರಡೇ ಕುರಿಗಳು, ಮೂರು ಹುಲಿಗಳೂ ಬಂದಿ! ಕಾರಣವೇನೆಂದರೆ, ಖ೨ರ ಹುಲಿಗೆ ಬಲಗಡೆಯ ದಾರಿಯನ್ನು ಗ೨ರ ಹುಲಿಯೇ ಮುಚ್ಚಿದೆ; ಮೇಲೆ ಹಾರೋಣವೆಂದರೆ ಶಿಖರದಲ್ಲಿ ತನ್ನ ಅಣ್ಣನೇ ಕುಳಿತಿದ್ದಾನೆ. ಶಿಖರದ ಹುಲಿ ಕೆಳಕ್ಕೆ ಹಾರಿ ಇಳಿಯಬೇಕಾದ ಸ್ಥಾನಗಳಲ್ಲಿ ಎರಡನ್ನು ತಮ್ಮಂದಿರು ಹಿಡಿದಿದ್ದಾರೆ. ಒಂದೊಂದಾಗಿ ಬಲವುಳ್ಳ ಮೂರು ಸ್ಥಾನಗಳು ಕೂಡಿದಾಗ ಒಂದರ ಬಲವನ್ನೊಂದು ತಿಂದುಹಾಕಿದವು.

ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಎಡಪಕ್ಕದಲ್ಲಿ ಕುರಿಗಳು ಸಿಕ್ಕುತ್ತಿವೆಯೆಂದು ಮೂರು ಹುಲಿಗಳೂ ಅತ್ತಲೇ ಓಡಿ, ಕೊನೆಗೆ ಎ೧, ಎ೨, ಎ೩ರಲ್ಲಿ ಸಾಲಾಗಿ ನಿಂತವೆನ್ನಿ. ಆಗ ಕ೧, ಖ೧, ಕ೨, ಖ೨, ಕ೩, ಖ೩ ಈ ಆರು ಕುರಿಗಳು ಗೋಡೆಯಂತೆ ನಿಂತರೆ ಸಾಕು. ಹದಿನೈದರಲ್ಲಿ ಒಂಬತ್ತನ್ನು ತಿಂದು ತೇಗಿದ ಹುಲಿಗಳೂ ಉಳಿದ ಆರಕ್ಕೆ ಸೋಲಬಹುದು. (ಇಷ್ಟು ಕುರಿ ಸತ್ತರೆ ಹುಲಿಗೆ ಗೆಲವು ಎಂದು ಮೊದಲೇ ಮಾತಾಡಿಕೊಳ್ಳುವ ಆಟಗಾರರು ಬಹುಶಃ ಇಂತಹ ಅವಮಾನವನ್ನು ಕಂಡವರೇ ಇರಬೇಕು.)

ಇನ್ನು ತೀರ ಬೇರೆಯ ನಿಲುವೊಂದನ್ನು ನೋಡೋಣ. ಒಂದು ಹುಲಿ ಶಿಖರದಲ್ಲಿ, ಒಂದು ಎ೩ರಲ್ಲಿ, ಒಂದು ಬ೩ರಲ್ಲಿ. ಕೆಳಗಿನ ಎರಡು ಸ್ಥಾನಗಳೂ ಅಗ್ಗದ ಮೂಲೆಗಳು. ಬೆಲೆ ನಾಲ್ಕು ನಾಲ್ಕು. ಬುದ್ಧಿವಂತನಾದ ಆಟಗಾರ ಅತ್ತ ತಿರುಗಿಯೂ ನೋಡಲಾರ. ಆದರೆ ಎಣಿಸಿ. ಶಿಖರಕ್ಕೆ ಮೊದಲನೆಯ ಮತ್ತು ಎರಡನೆಯ ಅಡ್ಡಗೆರೆಗಳ ನಾಲ್ಕು ನಾಲ್ಕು ಸ್ಥಾನಗಳು, ಒಟ್ಟು ಎಂಟು. ಎ೩ಕ್ಕೆ ಕ೩, ಖ೩, ಎ೨, ಎ೧. ಬ೩ಕ್ಕೆ ಘ೩, ಗ೩, ಬ೨, ಬ೧. ಈ ಮೂರು ಗುಂಪುಗಳಲ್ಲಿ ಒಂದೇ ಒಂದು ಸ್ಥಾನವೂ ಎರಡು ಕಡೆ ಬಂದಿಲ್ಲ. ಒಬ್ಬ ಕಾವಲುಗಾರ ಎರಡು ಬಾಗಿಲು ಕಾಯುವಂತಿಲ್ಲ. ಆದಕಾರಣ ಬೇಕಾದ ಕುರಿಗಳು ಹದಿನಾರು. ಕುರಿಯವನ ಬಳಿ ಇರುವುದು ಹದಿನೈದು. ಒಂದು ಕುರಿಯನ್ನೂ ತಿನ್ನದ ಹುಲಿಗಳು ಈ ನಿಲುವಿನಲ್ಲಿ ಕಟ್ಟಿಗೆ ಸಿಕ್ಕವು!

ಈ ನಿಲುವಿನಿಂದ ಇನ್ನೊಂದು ಲಾಭವುಂಟು. ಯಾವ ಗೆರೆಗೂ ನಡುವಲ್ಲದೆ ತುದಿಯಾಗಿಯೇ ಇರುವ ಸ್ಥಾನದಲ್ಲಿ ನಿಂತ ಕುರಿಯ ಮೇಲೆ ಹಾರಲು ಸಾಧ್ಯವಿಲ್ಲ. ಅಂತಹ ನಿರ್ಭಯ ಸ್ಥಾನಗಳು ಈ ಮನೆಯಲ್ಲಿ ಏಳು: ಶಿಖರ, ಎ೧, ಎ೩, ಬ೧, ಬ೩, ಕ೪, ಘ೪. ಜಾಣ ಕುರಿಗಾಹಿ ಮೊದಲ ಕುರಿಗಳನ್ನು ಇಲ್ಲಿಯೇ ಇಡುತ್ತಾನೆ. ಶಿಖರ, ಎ೩, ಬ೩ಗಳಲ್ಲಿ ಹುಲಿಗಳು ಕುಳಿತರೆ ಏಳರಲ್ಲಿ ಮೂರು ರೊಪ್ಪಗಳು ಅವನ ಕೈತಪ್ಪಿದಂತಾಯಿತು.

ಆದರೆ ಇಲ್ಲೊಂದು ತೊಡಕಿದೆ. ಸರದಿ ಬಂದಾಗ ಹುಲಿಯವನು ಯಾವುದಾದರೊಂದು ಹುಲಿಯನ್ನು ನಡೆಸಲೇಬೇಕು. ಒಳ್ಳೆಯ ಜಾಗವೆಂದು ಕೂತಿರುವಂತಿಲ್ಲ. ಹಾಗಾಗಿ ಒಂದು ಹುಲಿಯನ್ನು ಹೊರಕ್ಕೆ ಇಟ್ಟು ಮತ್ತೆ ಒಳಕ್ಕೆ ತರುತ್ತಿರಬೇಕು. ಎ೩ರ ಹುಲಿಗೆ ಎರಡು ಹೆಜ್ಜೆಗಳುಂಟು: ಮೇಲಕ್ಕೆ ಎ೨, ಪಕ್ಕಕ್ಕೆ ಕ೩. ಎರಡೂ ಒಂದೇ ಎನಿಸುವುದು, ಒಂದೇ ಅಲ್ಲ. ಎ೨ಕ್ಕೆ ಹೋದರೆ ಅದನ್ನು ಕಟ್ಟಲು ಬೇಕಾದ ಕ೨, ಖ೨ಗಳು ಶಿಖರದ ಲೆಕ್ಕದಲ್ಲಿಯೇ ಬಂದುಹೋಗಿವೆ. ಹೊಸದಾಗಿ ಬೇಕಾದವು ಎ೧, ಎ೩ ಮಾತ್ರ. ಒಟ್ಟು ಹದಿನಾಲ್ಕು. ಕ೩ಕ್ಕೆ ಹೋದರೆ ಎ೩, ಖ೩, ಗ೩, ಕ೪ ಹೊಸದಾಗಿ ಬೇಕು. ಗ೩ ಒಂದು ಮಾತ್ರ ಬ೩ರ ಹುಲಿಗೂ ಕಾವಲಾಗುವುದು. ಒಟ್ಟು ಹದಿನೈದು. ಅಂದರೆ ಹದಿನೈದು ಕುರಿಗಳೂ ಜೀವಂತವಾಗಿದ್ದು, ಒಂದೊಂದೂ ತನ್ನ ತನ್ನ ಜಾಗದಲ್ಲಿಯೇ ಇದ್ದರೆ ಮಾತ್ರ ಕುರಿಯವನು ಗೆಲ್ಲಬಲ್ಲ.

ಇದರಿಂದ ಮೊದಲನೆಯ ಕುರಿಯ ನಿಜವಾದ ಬೆಲೆ ಗೊತ್ತಾಗುವುದು. ಒಂದೇ ಒಂದು ಕುರಿ ಸತ್ತು ಹದಿನಾಲ್ಕು ಉಳಿದರೆ, ಎ೩ಕ್ಕೂ ಕ೩ಕ್ಕೂ ನಡುವೆ ಅಡ್ಡಾಡುತ್ತಿರುವ ಹುಲಿಯನ್ನು, ಮಿಕ್ಕೆರಡು ತಮ್ಮ ಜಾಗ ಬಿಡದಿರುವವರೆಗೆ, ಎಲ್ಲವನ್ನೂ ಒಟ್ಟಿಗೆ ಕಟ್ಟುವ ಬಲೆ ಇಲ್ಲ. ಎ೨ಕ್ಕೆ ಕಾಲಿಟ್ಟರೆ ಹದಿನಾಲ್ಕೂ ಸಾಕು. ಹುಲಿ ಬೇಟೆಯಾಡುವುದು ಹೊಟ್ಟೆ ತುಂಬಿಸಿಕೊಳ್ಳಲಿಕ್ಕಲ್ಲ, ಈ ಒಂದು ಅಂಕಿಯನ್ನು ದಾಟಲಿಕ್ಕೆ. ಮೊದಲನೆಯ ಕುರಿಗಾಗಿ ಸ್ವಲ್ಪ ಸಾಹಸ ಮಾಡುವುದು ಒಪ್ಪತಕ್ಕದ್ದು. ನಾಲ್ಕನೆಯದಕ್ಕಾಗಿ ಮೂರು ಹುಲಿಗಳೂ ಒಂದೇ ಪಕ್ಕಕ್ಕೆ ನುಗ್ಗುವುದು ನಮ್ಮ ಅಭಿಪ್ರಾಯದಲ್ಲಿ ಶುದ್ಧ ಅವಿವೇಕ. ಕುರಿಯವನೂ ಸುಮ್ಮನಿರುವವನಲ್ಲ, ಕ೩ರಲ್ಲಿ ಕುರಿಯನ್ನೂ ಅದರ ಹಿಂದೆ ಖ೩ರಲ್ಲಿ ಇನ್ನೊಂದನ್ನೂ ನಿಲ್ಲಿಸಿ ಅಡ್ಡಾಟವನ್ನು ತಡೆಯಲು ಬರುವನು. ಆಗ ಬ೩ರ ಹುಲಿಗೆ ಘ೩ರ ಕಡೆ ದಾರಿ ತೆರೆದಿದೆಯೇ ಎಂದು ನೋಡಬೇಕು. ಎರಡು ಪಕ್ಕಗಳನ್ನೂ ಒಮ್ಮೆಗೇ ಮುಚ್ಚಲು ಅವನಿಗೆ ಸರದಿಗಳು ಬೇಕು. ಆ ಸರದಿಗಳಲ್ಲಿಯೇ ಒಂಟಿ ಕುರಿ ಎಲ್ಲಿಯಾದರೂ ಬಯಲಿಗೆ ಬೀಳುವುದು.

ಶಿಖರದ ಹುಲಿಗೆ ಇನ್ನೊಂದು ಗುಣವಿದೆ. ಶಿಖರವನ್ನು ಬಿಟ್ಟು ಉಳಿದ ೨೨ ಸ್ಥಾನಗಳಿಗೆ ಚದುರಂಗದ ಮನೆಯಂತೆ ಒಂದು ಬಿಟ್ಟು ಒಂದಕ್ಕೆ ಕಪ್ಪು ಬಿಳಿ ಬಣ್ಣ ಹಚ್ಚಬಹುದು. ಅಲ್ಲಿ ನಡೆಯುವ ಹುಲಿ ಹೆಜ್ಜೆಗೊಮ್ಮೆ ಬಣ್ಣ ಬದಲಿಸುವುದರಿಂದ, ಹೊರಟ ಜಾಗಕ್ಕೆ ಮರಳಲು ಎರಡು, ನಾಲ್ಕು, ಆರು, ಹೀಗೆ ಸಮಸಂಖ್ಯೆಯ ಹೆಜ್ಜೆಗಳೇ ಬೇಕು. ಕುರಿಯವನು ಇದನ್ನು ತಿಳಿದಿದ್ದರೆ ಹುಲಿ ಯಾವ ಸರದಿಯಲ್ಲಿ ಯಾವ ಬಣ್ಣದ ಮೇಲಿರುವುದೆಂದು ಮೊದಲೇ ಹೇಳಬಲ್ಲ. ಬಲೆಯನ್ನು ಅದಕ್ಕೆ ಸರಿಯಾಗಿ ಬೀಸಬಲ್ಲ. ಆದರೆ ಶಿಖರ, ಕ೧, ಖ೧ ಇವು ತ್ರಿಕೋಣ. ಅಲ್ಲಿ ಮೂರು ಹೆಜ್ಜೆಗೆ ಸುತ್ತು ಮುಗಿಯುವುದು. ಎರಡು ಹುಲಿಗಳು ಕಟ್ಟಿಗೆ ಬಿದ್ದು ಒಂದೇ ಉಳಿದಾಗ, ಅದು ಒಮ್ಮೆ ಶಿಖರವನ್ನು ಸುತ್ತಿ ಬಂದರೆ ಎದುರಾಳಿಯ ಲೆಕ್ಕ ಒಂದು ಸರದಿ ತಪ್ಪುವುದು. ಆದ್ದರಿಂದ ಶಿಖರದ ದಾರಿಯನ್ನು ಕುರಿಗಳಿಗೆ ಬಿಟ್ಟುಕೊಡಬಾರದು.

ಇಬ್ಬರೂ ತಪ್ಪಿಲ್ಲದೆ ಆಡಿದರೆ ಗೆಲ್ಲುವವರು ಯಾರು? ಇದೇ ಕುಲದ ಒಂದು ಆಟಕ್ಕೆ ಇದರ ಉತ್ತರ ದೊರೆತಿದೆ. ನೇಪಾಳದ ಬಾಘ್‌ಚಾಲ್ ಆಟದಲ್ಲಿ ೨೫ ಸ್ಥಾನಗಳು, ನಾಲ್ಕು ಹುಲಿಗಳು, ಇಪ್ಪತ್ತು ಆಡುಗಳು. ಐದು ಆಡು ತಿಂದರೆ ಹುಲಿಗೆ ಜಯ. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಗಣಕಯಂತ್ರದಿಂದ ಇದನ್ನು ಶೋಧಿಸಿದರು. ಆಡುಗಳನ್ನೆಲ್ಲ ಇಟ್ಟು ಮುಗಿದ ಮೇಲಿನ ೮,೮೨,೬೦,೯೭೨ ನಿಲುವುಗಳನ್ನು ಕಟ್ಟಕಡೆಯಿಂದ ಹಿಂದಕ್ಕೆ ಎಣಿಸುತ್ತ ಬಂದು ಪಟ್ಟಿಮಾಡಿದರು. ಇಡುವ ಹಂತದ ಕವಲುಗಳು ಒಂದರ ಮುಂದೆ ೪೧ ಸೊನ್ನೆಗಳಷ್ಟು. ಅದನ್ನು ಉಪಾಯದಿಂದ ಕಿರಿದುಗೊಳಿಸಿ ದಾಟಿದರು. ಬಂದ ಉತ್ತರ: ಸಮ. ಯಾರೂ ತಪ್ಪದಿದ್ದರೆ ಯಾರೂ ಗೆಲ್ಲರು.

ನಮ್ಮ ೨೩ ಸ್ಥಾನಗಳ ಮನೆ ಇದಕ್ಕಿಂತ ಚಿಕ್ಕದು. ಮೂರು ಹುಲಿಗಳನ್ನು ೧,೭೭೧ ರೀತಿಗಳಲ್ಲಿ ನಿಲ್ಲಿಸಬಹುದು. ಉಳಿದ ಇಪ್ಪತ್ತು ಸ್ಥಾನಗಳಲ್ಲಿ ಹದಿನೈದು ಕುರಿಗಳನ್ನು ೧೫,೫೦೪ ರೀತಿಗಳಲ್ಲಿ. ಗುಣಿಸಿದರೆ ೨,೭೪,೫೭,೫೮೪. ಎಡಬಲಗಳು ಕನ್ನಡಿಯಂತೆ ಒಂದೇ ಆಗಿರುವುದರಿಂದ ಇದರಲ್ಲಿ ಸುಮಾರು ಅರ್ಧವನ್ನು ನೋಡಿದರೆ ಸಾಕು. ಕಾಲೇಜಿನ ಸಾಮಾನ್ಯ ಗಣಕವೂ ಇಷ್ಟನ್ನು ನೆನಪಿನಲ್ಲಿ ಹಿಡಿಯಬಲ್ಲುದು. ಕೈಹಾಕುವ ವಿದ್ಯಾರ್ಥಿಯು ಹುಲಿಗಳು ಪೂರ್ತಿ ಕಟ್ಟಿಗೆ ಬಿದ್ದ ನಿಲುವುಗಳಿಂದ ಆರಂಭಿಸಿ, ಅವಕ್ಕೆ ಒಂದು ಹೆಜ್ಜೆ ಹಿಂದಿನವು ಯಾವುವು, ಎರಡು ಹೆಜ್ಜೆ ಹಿಂದಿನವು ಯಾವುವು ಎಂದು ಗುರುತುಮಾಡುತ್ತ ಹೋಗಬೇಕು. ಹದಿನಾಲ್ಕು, ಹದಿಮೂರು ಕುರಿಗಳ ಪಟ್ಟಿಗಳನ್ನು ಮೊದಲು ಸಿದ್ಧಪಡಿಸಿಕೊಂಡು ಹದಿನೈದರದನ್ನು ಕೊನೆಗೆ ಕೈಗೆತ್ತಿಕೊಳ್ಳುವುದು ಸರಿಯಾದ ಕ್ರಮ. ಏಕೆಂದರೆ ಹುಲಿ ಒಂದು ಕುರಿಯನ್ನು ತಿಂದೊಡನೆ ಆಟ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಇಳಿಯುವುದು.