ಸಿಗದೇ ಹೋದ ಪೇಪರ್

ಫೈನಲ್ ಇಯರ್ ಪ್ರಾಜೆಕ್ಟಿನ ಲಿಟರೇಚರ್ ಸರ್ವೆ ನಾವು ಹೇಗೆ ಮಾಡ್ತೀವಿ ಅಂತ ಬಿಡಿಸಿ ಹೇಳಬೇಕಿಲ್ಲ. ರಿವ್ಯೂ ಹಿಂದಿನ ರಾತ್ರಿ ಗೂಗಲ್ ಸ್ಕಾಲರ್ ತೆರೆದು, ಮೊದಲ ಪುಟದಲ್ಲಿ ಬಂದ ಹತ್ತು ಪೇಪರ್‌ಗಳ ಅಬ್‌ಸ್ಟ್ರಾಕ್ಟ್ ಓದಿ, ಒಂದು ಟೇಬಲ್ ಮಾಡಿದರೆ ಎರಡನೇ ಅಧ್ಯಾಯ ಮುಗೀತು. ಒಂದು ಮುಖ್ಯ ಪೇಪರ್ ಬಿಟ್ಟುಹೋದರೂ ವೈವಾದಲ್ಲಿ ಒಂದೆರಡು ಮಾರ್ಕು ಹೋಗಬಹುದು, ಅಷ್ಟೆ. ವೈದ್ಯಕೀಯದಲ್ಲಿ ಹಾಗಲ್ಲ.

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಸ್ತಮಾಕ್ಕೆ ಸಂಬಂಧಿಸಿದ ಒಂದು ಪ್ರಯೋಗ ನಡೆಯುತ್ತಿತ್ತು. ಆರೋಗ್ಯವಂತರ ಶ್ವಾಸನಾಳ ಕುಗ್ಗದೆ ತೆರೆದೇ ಇರುವುದು ಹೇಗೆ ಅಂತ ತಿಳಿಯಲು ಸ್ವಯಂಸೇವಕರಿಗೆ ಹೆಕ್ಸಾಮೆಥೋನಿಯಂ ಎಂಬ ಹಳೆಯ ಔಷಧವನ್ನು ಉಸಿರಿನ ಮೂಲಕ ಕೊಡಲಾಯಿತು. ಅವರಲ್ಲಿ 24 ವರ್ಷದ, ಯಾವ ಕಾಯಿಲೆಯೂ ಇಲ್ಲದ ಯುವತಿಯೊಬ್ಬಳ ಶ್ವಾಸಕೋಶ ಹಾಳಾಗಿ ಜೂನ್ 2ರಂದು ಆಕೆ ತೀರಿಕೊಂಡಳು. ಪ್ರಯೋಗಕ್ಕೆ ಮೊದಲು ಸಾಹಿತ್ಯ ಹುಡುಕಿರಲಿಲ್ಲ ಅಂತಲ್ಲ, ಪಬ್‌ಮೆಡ್‌ನಲ್ಲಿ ಹುಡುಕಿದ್ದರು. ಆದರೆ ಅದರ ಮೂಲವಾದ ಮೆಡ್‌ಲೈನ್ ಡೇಟಾಬೇಸ್‌ನಲ್ಲಿ ಆಗ ಇದ್ದದ್ದು 1966ರಿಂದ ಈಚೆಗಿನ ಲೇಖನಗಳು. ಈ ಔಷಧವನ್ನು ರಕ್ತದೊತ್ತಡಕ್ಕೆ ಬಳಸುತ್ತಿದ್ದ ಕಾಲದಲ್ಲಿ, ಅಂದರೆ 1950ರ ದಶಕದಲ್ಲಿ, ಅದರಿಂದ ಶ್ವಾಸಕೋಶಕ್ಕೆ ತೊಂದರೆಯಾದ ವರದಿಗಳು ಅಚ್ಚಾಗಿದ್ದವು. ಅವುಗಳ ದಾರಿ ತೋರಿಸುವ ಮುದ್ರಿತ ಸೂಚಿಗಳು ಲೈಬ್ರರಿಯ ಕಪಾಟಿನಲ್ಲಿದ್ದವು. ಡೇಟಾಬೇಸ್ ಎಲ್ಲಿಂದ ಶುರುವಾಗುತ್ತೆ, ಅದಕ್ಕಿಂತ ಹಿಂದಿನದ್ದು ಬೇಕಾದರೆ ಎಲ್ಲಿ ನೋಡಬೇಕು ಅನ್ನೋದು ಲೈಬ್ರರಿಯನ್‌ಗಳ ದಿನನಿತ್ಯದ ಕೆಲಸ. ಈ ಸಾವಿನ ನಂತರ ವೈದ್ಯಕೀಯ ಲೈಬ್ರರಿಯನ್‌ಗಳ ನಡುವೆ ತುಂಬಾ ಚರ್ಚೆಯಾದದ್ದೂ ಇದೇ.

ಪುರಾವೆ ಆಧಾರಿತ ವೈದ್ಯಕೀಯದಲ್ಲಿ ಸಿಸ್ಟಮ್ಯಾಟಿಕ್ ರಿವ್ಯೂ ಅಂತ ಒಂದಿದೆ. ಒಂದೇ ಪ್ರಶ್ನೆ ಇಟ್ಟುಕೊಂಡು, ಅದರ ಮೇಲೆ ಜಗತ್ತಿನಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ತೂಗಿ ನೋಡಿ ಉತ್ತರ ಹೇಳುವುದು. 1993ರಲ್ಲಿ ಶುರುವಾದ ಕಾಕ್ರೇನ್ ಸಂಸ್ಥೆ ಮಾಡುವುದು ಮುಖ್ಯವಾಗಿ ಈ ಕೆಲಸವನ್ನೇ. 'ಎಲ್ಲ' ಅನ್ನುವ ಪದದಲ್ಲೇ ಕಷ್ಟ ಇರೋದು. ನಮ್ಮ ಮೆಷಿನ್ ಲರ್ನಿಂಗ್ ಭಾಷೆಯಲ್ಲಿ ಹೇಳೋದಾದರೆ, ಇಲ್ಲಿ ರೀಕಾಲ್ ಮುಖ್ಯ, ಪ್ರಿಸಿಷನ್ ಅಲ್ಲ. ಬೇಡದ ಸಾವಿರ ಪೇಪರ್ ಬಂದರೆ ಕೂತು ಓದಿ ತೆಗೆಯಬಹುದು. ಬೇಕಾದ ಒಂದು ಬರದೇ ಇದ್ದರೆ? ಫಾಲ್ಸ್ ನೆಗೆಟಿವ್ ಸದ್ದು ಮಾಡುವುದಿಲ್ಲ. ಬರಲಿಲ್ಲ ಅನ್ನೋದೇ ಗೊತ್ತಾಗುವುದಿಲ್ಲ.

ಒಂದು ಪ್ರಶ್ನೆ ತಗೊಳ್ಳೋಣ: ಗರ್ಭಿಣಿಯರ ರಕ್ತಹೀನತೆ ತಡೆಯಲು ಕಬ್ಬಿಣಾಂಶದ ಮಾತ್ರೆಯನ್ನು ದಿನಾ ಕೊಡಬೇಕೋ, ವಾರಕ್ಕೆ ಒಂದೆರಡು ಸಲ ಕೊಟ್ಟರೆ ಸಾಕೋ? ಲೈಬ್ರರಿಯನ್ ಇದನ್ನು ಮೊದಲು ತುಂಡು ಮಾಡುತ್ತಾರೆ: ಗರ್ಭಿಣಿ, ಕಬ್ಬಿಣಾಂಶ, ವಾರಕ್ಕೊಮ್ಮೆ ಕೊಡುವ ಕ್ರಮ. ಒಂದೊಂದು ತುಂಡಿಗೂ ಜನ ಬಳಸಬಹುದಾದ ಪದಗಳನ್ನೆಲ್ಲ ಕೂಡಿಸುತ್ತಾರೆ. ಪ್ರೆಗ್ನೆನ್ಸಿ, ಆಂಟಿನೇಟಲ್, ಪ್ರೀನೇಟಲ್ ಒಂದು ಗುಂಪು. ಐರನ್, ಫೆರಸ್, ಫೆರಿಕ್ ಇನ್ನೊಂದು. ಗುಂಪಿನ ಒಳಗೆ 'ಆರ್', ಗುಂಪು ಗುಂಪಿನ ನಡುವೆ 'ಆಂಡ್'. ಅರೆ, ಇದು ಮೂರನೇ ಸೆಮಿಸ್ಟರ್‌ನಲ್ಲಿ ನಾವು ಬರೆದ ಪ್ರಾಡಕ್ಟ್ ಆಫ್ ಸಮ್ಸ್ ಅಲ್ವಾ! ಹೌದು, ಅದೇ.

ಲಾಜಿಕ್ ಬಂದರೆ ಸಾಕೇ? ಸಾಲದು. ಫೆರಸ್, ಫೆರಿಕ್ ಎರಡೂ ಸಿಗಲಿ ಅಂತ 'ಫೆರ್' ಅಕ್ಷರಗಳಷ್ಟೇ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ, ಫೆರೆಟ್ ಅನ್ನುವ ಮುಂಗುಸಿಯಂಥ ಪ್ರಾಣಿಯ ಮೇಲಿನ ಅಧ್ಯಯನಗಳೂ ಬಂದು ಕೂರುತ್ತವೆ. 'ಅನೀಮಿಯಾ'ಕ್ಕೆ ಬ್ರಿಟಿಷರದು ಒಂದು ಸ್ಪೆಲ್ಲಿಂಗ್, ಅಮೆರಿಕದವರದು ಇನ್ನೊಂದು. ಒಂದನ್ನು ಮಾತ್ರ ಹಾಕಿದರೆ ಇನ್ನೊಂದರಲ್ಲಿ ಬರೆದವರು ತಪ್ಪಿಹೋಗಬಹುದು. ಇದಕ್ಕೆಂದೇ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ಮೆಶ್ ಎಂಬ ಪದಪಟ್ಟಿ ಹೊರತಂದಿತು. ಲೇಖಕ ಹಾರ್ಟ್ ಅಟ್ಯಾಕ್ ಅಂತಲೇ ಬರೆದಿರಲಿ, ಪಟ್ಟಿಯಲ್ಲಿ ಅದು ಮಯೋಕಾರ್ಡಿಯಲ್ ಇನ್ಫಾರ್ಕ್ಷನ್. ಆದರೆ ಪಬ್‌ಮೆಡ್‌ನಲ್ಲಿ ಎಲ್ಲ ಪೇಪರ್‌ಗಳಿಗೂ ಈ ಹಣೆಪಟ್ಟಿ ಇರುವುದಿಲ್ಲ. ಹಾಗಾಗಿ ಮೆಶ್ ಪದ, ಸಾಮಾನ್ಯ ಪದ ಎರಡನ್ನೂ ಹಾಕಬೇಕು.

ನನಗೆ ತುಂಬಾ ಹಿಡಿಸಿದ್ದು 'ನಾಟ್'ನ ಕತೆ. ಪ್ರಾಣಿಗಳ ಮೇಲಿನ ಪ್ರಯೋಗಗಳು ನಮಗೆ ಬೇಡ, ಸರಿ. 'ನಾಟ್ ಅನಿಮಲ್ಸ್' ಅಂತ ಮೆಶ್ ಪದ ಹಾಕಿಬಿಡೋಣ ಅನ್ನಿಸುತ್ತೆ. ಹಾಕಿದರೆ ಮನುಷ್ಯರ ಅಧ್ಯಯನಗಳೂ ಹೊರಗೆ! ಯಾಕೆಂದರೆ ಮೆಶ್ ಒಂದು ಟ್ರೀ ಸ್ಟ್ರಕ್ಚರ್. ಅದರಲ್ಲಿ ಮನುಷ್ಯ ಪ್ರಾಣಿಯ ಕೆಳಗಿನ ಒಂದು ಕೊಂಬೆ, ಮತ್ತು ಮೇಲಿನ ಪದ ಕೊಟ್ಟರೆ ಪಬ್‌ಮೆಡ್ ಕೆಳಗಿನ ಎಲ್ಲ ಕೊಂಬೆಗಳನ್ನೂ ಸೇರಿಸಿಕೊಳ್ಳುತ್ತೆ. ಸರಿಯಾಗಿ ಬರೆಯಬೇಕಾದ್ದು 'ನಾಟ್', ಆಮೇಲೆ ಬ್ರಾಕೆಟ್ಟಿನೊಳಗೆ 'ಅನಿಮಲ್ಸ್ ನಾಟ್ ಹ್ಯೂಮನ್ಸ್'. ಇದು ಡಾಕ್ಟರಿಗೂ ಹೊಳೆಯಲಿಕ್ಕಿಲ್ಲ, ಕೋಡ್ ಬರೆಯುವ ನಮಗೂ ಹೊಳೆಯಲಿಕ್ಕಿಲ್ಲ. ಆ ಟ್ರೀ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಹೊಳೆಯುತ್ತೆ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ ಹೊರತಂದ ಮಾನದಂಡಗಳಲ್ಲಿ, ಇಂಥ ಹುಡುಕಾಟವನ್ನು ತರಬೇತಾದ ಲೈಬ್ರರಿಯನ್ ಅಥವಾ ಮಾಹಿತಿ ತಜ್ಞರ ಜೊತೆ ಸೇರಿ ಯೋಜಿಸಬೇಕು ಅಂತಲೇ ಇದೆ. ಒಬ್ಬ ಲೈಬ್ರರಿಯನ್ ಬರೆದ ಸರ್ಚ್ ಅನ್ನು ಇನ್ನೊಬ್ಬರು ಪರೀಕ್ಷಿಸುವ ಪದ್ಧತಿಯೂ ಇದೆ, ಅದಕ್ಕೆ ಪ್ರೆಸ್ ಎಂಬ ಚೆಕ್‌ಲಿಸ್ಟ್ ಇದೆ. ಕೋಡ್ ರಿವ್ಯೂ ಅಂದ್ಕೊಳ್ಳಿ. ಇಷ್ಟಾದರೂ ರಿವ್ಯೂ ಪ್ರಕಟವಾದಾಗ ಅವರ ಹೆಸರು ಎಷ್ಟೋ ಸಲ ಲೇಖಕರ ಸಾಲಿನಲ್ಲಿ ಇರುವುದಿಲ್ಲ, ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಇರುತ್ತೆ. ಇದು ನ್ಯಾಯ ಅಂತ ನನಗನ್ನಿಸೋದಿಲ್ಲ.

ಬಯೋಮೆಡಿಕಲ್ ಪ್ರಾಜೆಕ್ಟ್ ಮಾಡುವವರು ಈ ಸಲ ನಮ್ಮ ಲೈಬ್ರರಿಯನ್ ಹತ್ತಿರ ಒಮ್ಮೆ ಕೂತು ನೋಡಿ. ಬರೀ ಟಾಪಿಕ್ ಹಿಡ್ಕೊಂಡು ಹೋಗಬೇಡಿ; ಪೂರ್ತಿ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು ಹೋಗಿ. ಜೊತೆಗೆ, ಈ ವಿಷಯಕ್ಕೆ ಖಂಡಿತ ಬೇಕು ಅಂತ ನಿಮಗೆ ಈಗಾಗಲೇ ಗೊತ್ತಿರುವ ಮೂರು ನಾಲ್ಕು ಪೇಪರ್‌ಗಳೂ ಇರಲಿ. ಸರ್ಚ್ ಸಿದ್ಧವಾದ ಮೇಲೆ ಆ ಪೇಪರ್‌ಗಳು ಫಲಿತಾಂಶದಲ್ಲಿ ಬಂದಿವೆಯಾ ಅಂತ ನೋಡುತ್ತಾರೆ. ಒಂದು ಬರದಿದ್ದರೂ ಯಾಕೆ ಬರಲಿಲ್ಲ, ಯಾವ ಪದ ಬಿಟ್ಟಿದ್ದೇವೆ ಅಂತ ಮತ್ತೆ ಮೊದಲಿಂದ ನೋಡಬೇಕು. ಯಾವ ಡೇಟಾಬೇಸ್‌ನಲ್ಲಿ, ಯಾವ ತಾರೀಖು, ಎಷ್ಟು ಸಿಕ್ಕಿತು ಅಂತ ಆವತ್ತೇ ಬರೆದಿಟ್ಟುಕೊಳ್ಳಿ, ಆರು ತಿಂಗಳ ಮೇಲೆ ರಿಪೋರ್ಟ್ ಬರೆಯುವಾಗ ಅದು ನೆನಪಿಗೆ ಬರಲ್ಲ.